ಸಿಗ್ನಲ್ಲಿಲ್ಲದ ಹೆದ್ದಾರಿ

ಸೌತ್‌ಹಾಲ್ ಬ್ರಾಡ್‌ವೇಯಲ್ಲಿ ಗೆಳೆಯ ಚಂದ್ರಶೇಖರನ ಕಾರು ಒಂದು ಮಾರು ಮುಂದೆ ಹೋಗಿ ಮತ್ತೆ ನಿಂತಾಗ, ಅತ್ತ ಕೆನಡಾದ ಉತ್ತರದ ಕಾಡಿನಲ್ಲಿ ತನ್ನ ಹೆಂಡತಿ ಶ್ರೀಲತಾ ತಾನು ಕಳಿಸಿದ ರೆಕಾರ್ಡಿಂಗುಗಳಲ್ಲಿ ಐದನೆಯದನ್ನು ಮುಗಿಸಿ ಆರನೆಯದಕ್ಕೆ ಬಂದಿರಬೇಕು ಎಂದು ಮುಕುಂದ ಅಂದಾಜು ಮಾಡಿದ. ಆರಾದ ಮೇಲೆ ಏಳು ಬರುತ್ತದೆ. ಇದನ್ನು ತಪ್ಪಿಸುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ. ಎಡಗಡೆ ಜಿಲೇಬಿಯವನ ಬಾಣಲೆ, ಬಲಗಡೆ ತಲೆಯಿಲ್ಲದ ಬೊಂಬೆಗಳು ಉಟ್ಟ ಲೆಹೆಂಗಾ, ಮುಂದೆ ಕೆಂಪು ಬಸ್ಸಿನ ಬೆನ್ನು, ಹಿಂದೆ ಯಾರದೋ ಹಾರ್ನು. ಇಷ್ಟೆಲ್ಲದರ ನಡುವೆ ಸಿಕ್ಕಿಕೊಂಡವನ ತಲೆಯೊಳಗೆ ಮಾತ್ರ ಒಂದು ಖಾಲಿ ರಸ್ತೆ, ಎರಡೂ ಕಡೆ ಕಪ್ಪು ಮರಗಳನ್ನು ನಿಲ್ಲಿಸಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ನೆಟ್ಟಗೆ ಹೋಗುತ್ತಿತ್ತು. ಹೆದ್ದಾರಿ ಎನ್ನುವ ಮಾತು ಹೆದರುವ ದಾರಿ ಎಂಬುದರಿಂದಲೇ ಬಂದಿರಬೇಕು ಎಂದು ಹೊಳೆಯಿತು. ಹೇಳೋಣ ಎಂದು ಬಾಯಿ ತೆರೆದವನು ಹಾಗೇ ಮುಚ್ಚಿದ. ಹಿಂದಿನ ಸೀಟಿನಿಂದ ಚಂದ್ರಶೇಖರನ ಹೆಂಡತಿ ಶೋಭಾ, "ಮುಕುಂದ, ಹ್ಯಾರೋ ಬಿಟ್ಟಾಗಿಂದ ನೀವು ಒಂದು ಮಾತೂ ಆಡಿಲ್ಲ. ಹುಷಾರಾಗಿದ್ದೀರಾ, ಇಲ್ಲಾ ಮೂಕರ ಮಿಮಿಕ್ರಿ ಪ್ರ್ಯಾಕ್ಟೀಸ್ ಮಾಡ್ತಿದ್ದೀರಾ?" ಎಂದಳು.

ಅವನು ನಕ್ಕ ಹಾಗೆ ಮಾಡಿದ. ಮೊಬೈಲಿನ ನಕ್ಷೆಯಲ್ಲಿ ಶ್ರೀಲತಾಳ ನೀಲಿ ಚುಕ್ಕಿ, ಹೆಸರೇ ನೆನಪಿರದ ಒಂದು ಊರಿನ ಹೊರಗಿನ ಪೆಟ್ರೋಲ್ ಬಂಕಿನ ಹತ್ತಿರ ಮಧ್ಯಾಹ್ನದಿಂದಲೂ ನಿಂತಲ್ಲೇ ನಿಂತಿತ್ತು. ಅವಳು ನಿಂತಿರಲಿಲ್ಲ, ಸಿಗ್ನಲ್ ನಿಂತಿತ್ತು. ಅಲ್ಲಿಂದ ಮುಂದಿನ ಪೆಟ್ರೋಲ್ ಬಂಕಿನವರೆಗೆ ಐದು ತಾಸಿನ ದಾರಿ; ಮನೆಯಿಲ್ಲ, ರೇಡಿಯೋ ಇಲ್ಲ, ಫೋನು ಕಲ್ಲಿಗೆ ಸಮ. ತಾವಿರುವ ಹ್ಯಾರೋದ ಹತ್ತಿರ ಜಿಪಿಯಾಗಿ, ಅಂದರೆ ಬಡಾವಣೆಯ ಡಾಕ್ಟರಾಗಿ, ಹತ್ತೊಂಬತ್ತು ವರ್ಷ ಜನರ ಕೆಮ್ಮು, ಮಂಡಿನೋವು ಕೇಳಿದ ಶ್ರೀಲತಾಗೆ ಮಗಳು ಮಾಳವಿಕಾ ಎಡಿನ್ಬರೋಗೆ ಓದಲು ಹೋದ ಮೇಲೆ ಇದ್ದಕ್ಕಿದ್ದಂತೆ ಒಂದು ಹುಕಿ ಬಂದು, ಆರು ವಾರಕ್ಕೆಂದು ಆ ಕಾಡಿನ ಎರಡು ಪುಟ್ಟ ಊರುಗಳ ಕ್ಲಿನಿಕ್ಕಿಗೆ ಹೋಗಿದ್ದಳು. ಈಗ ಅಲ್ಲಿಯವರು ಒಂದು ವರ್ಷ ಇರ್ತೀರಾ ಅಂತ ಕೇಳಿದ್ದರು. ಸೋಮವಾರ ಉತ್ತರ ಕೊಡಬೇಕು. ಅವಳು ಫೋನಿನಲ್ಲಿ ಇದನ್ನು ಹೇಳಿದಾಗ ಮುಕುಂದ ಗಂಟಲು ಸರಿಮಾಡಿಕೊಂಡು, "ನಿನ್ನಿಷ್ಟ ಶ್ರೀ. ನಾನಂತೂ ಪೂರ್ತಿ ಸಪೋರ್ಟು," ಎಂದಿದ್ದ. ಎಂದು, ತನ್ನ ದೊಡ್ಡತನಕ್ಕೆ ತಾನೇ ಮೆಚ್ಚಿ, ಇನ್ನೊಂದು ಲೋಟ ಕಾಫಿ ಮಾಡಿಕೊಂಡು ಕುಡಿದಿದ್ದ.

ಒಂಟಿ ರಸ್ತೆಯಲ್ಲಿ ನಿದ್ದೆ ಬಂದರೇನು ಗತಿ, ನಿಮ್ಮ ದನಿಗಳನ್ನಾದರೂ ಕಳಿಸ್ರಿ ಎಂದು ಅವಳೇ ಕೇಳಿದ್ದಳು. ಇದಕ್ಕಿಂತ ಹೆಚ್ಚು ಏನು ಬೇಕು. ಇನ್ಶುರೆನ್ಸ್ ಕಂಪನಿಯೊಂದರ ಡೇಟಾಬೇಸನ್ನು ಮನೆಯ ಮೂಲೆಯಿಂದ ಕಾಯುವ ಮುಕುಂದನ ನಿಜವಾದ ಉದ್ಯೋಗ ಬೇರೆಯವರ ಹಾಗೆ ಮಾತಾಡುವುದು ಎಂದು ಹ್ಯಾರೋದ ಕನ್ನಡಿಗರಿಗೆಲ್ಲ ಗೊತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ಮೊಬೈಲಿಟ್ಟುಕೊಂಡು ವಾರಪೂರ್ತಿ ರೆಕಾರ್ಡ್ ಮಾಡಿದ. ಧಾರವಾಡದ ಓಣಿಯಲ್ಲಿ ಅವಳ ಪಕ್ಕದ ಮನೆಯ ರತ್ನವ್ವ, ಕೆನಡಾದಲ್ಲಿ ಬಾವಿಯ ನೀರು ಸಿಹಿಯೋ ಸಪ್ಪೆಯೋ ಎಂದು ವಿಚಾರಿಸಿದಳು. ಮೆಟ್ರೊಪಾಲಿಟನ್ ಲೈನ್ ರೈಲಿನ ಅನೌನ್ಸರಮ್ಮ ಧಾರವಾಡದವಳಾಗಿ ಹುಟ್ಟಿ, "ಬಾಗ್ಲಾ ಹಾಕ್ಲಿಕ್ಕೆ ಹತ್ತೇವ್ರೀ, ಸೆರಗು ಒಳಗ ತಗೋರಿ," ಎಂದಳು. ಕನ್ನಡ ಕೂಟದ ಅಧ್ಯಕ್ಷ ಉದಯಶಂಕರ್ ಎರಡೇ ಎರಡು ಮಾತು ಹೇಳಿ ಮುಗಿಸುತ್ತೇನೆ ಎಂದು ಮೂರು ಸಲ ಹೇಳಿ, ಕಾಡುಪ್ರಾಣಿಗಳಿಗೆ ಕನ್ನಡದ ಕಂಪನ್ನು ಹಂಚಿದರು. ಒಟ್ಟು ಒಂಬತ್ತು ರೆಕಾರ್ಡಿಂಗುಗಳು. ಅವಳು ಹೊರಡುವ ಮುಂಚೆ ಎಲ್ಲವನ್ನೂ ಇಳಿಸಿಕೊಂಡು, ಒಂದಾದ ಮೇಲೊಂದು ಬರುವಂತೆ ಜೋಡಿಸಿಕೊಂಡು, "ಇಲ್ಲಿ ಬೆಳಕಾಗೇದ, ಹೊಂಟೆ," ಎಂದು ಬರೆದು ಕಾಡಿನೊಳಗೆ ಕರಗಿದಳು. ಮುಕುಂದ ಷರ್ಟಿಗೆ ಇಸ್ತ್ರಿ ಹಾಕುತ್ತ, ತನ್ನ ಉದಯಶಂಕರ್ ತನಗೇ ಎಷ್ಟು ಹಿಡಿಸುತ್ತಾನೆ ನೋಡೋಣವೆಂದು ಏಳನೆಯದನ್ನು ಹಾಕಿಕೊಂಡ. ಅಧ್ಯಕ್ಷರ ಭಾಷಣ ಮುಗಿಯಿತು. ರೆಕಾರ್ಡಿಂಗ್ ಮುಗಿಯಲಿಲ್ಲ. ಬಾಗಿಲ ಗಂಟೆ ಬಡಿಯಿತು, ಕುರ್ಚಿ ಎಳೆದ ಸದ್ದು, ಪ್ರೆಷರ್ ಕುಕ್ಕರ್ ವಾಪಸು ಕೊಡಲು ಬಂದ ಚಂದ್ರಶೇಖರನ ದನಿ: "ಅಲ್ಲ ಕಣೋ, ಅವರು ಅಲ್ಲೇ ಇದ್ದುಬಿಟ್ರೆ ಏನೋ ನಿನ್ನ ಗತಿ?"

ಆಮೇಲೆ ತನ್ನದೇ ದನಿ. "ಇರ್ತಾಳೆ, ಇರ್ತಾಳೆ. ಅಂಗಡಿ ಮುಂದೆ ಕಾರು ರಿವರ್ಸ್ ತಗೊಳಕ್ಕೆ ಅರ್ಧ ದಿನ ಬೇಕು ಅವಳಿಗೆ. ಇನ್ನು ಹದಿನೈದು ದಿನ ನೋಡ್ತಿರು, ಫೋನ್ ಬರುತ್ತೆ." ಆಮೇಲೆ, ಅಯ್ಯೋ, ಆಮೇಲೆ ಅವಳ ದನಿ. ಅವನ ಗಂಟಲಿನಿಂದ ಬಂದ ಅವಳ ದನಿ, ಮೂಗು ಸುರಿಸಿಕೊಂಡು: "ರೀ, ಇಲ್ಲೆ ಕೊತ್ತಂಬರಿ ಸಿಗಂಗಿಲ್ರೀ. ರೀ, ಕರಡಿ ಬಂದದ್ರೀ. ಬಾಗ್ಲಾ ಬಡೀಲಿಕ್ಕೆ ಹತ್ತೇದ್ರೀ. ಅದಕ್ಕ ಬಿಪಿ ನೋಡಬೇಕಂತ್ರೀ. ನಾ ವಾಪಸ್ ಬರ್ತೀನ್ರೀ, ನೀವು ಹೇಳಿದ್ದ ಖರೇ ಇತ್ತ್ರೀ." ಚಂದ್ರಶೇಖರನ ನಗು ಮೊದಲು ಕುದುರೆಯಂತೆ, ಕೊನೆಗೆ ಕುಕ್ಕರಿನಂತೆ. ಇಸ್ತ್ರಿಪೆಟ್ಟಿಗೆ ಷರ್ಟಿನ ತೋಳಿನ ಮೇಲೆ ತನ್ನ ಆಕಾರವನ್ನು ಬರೆಯಿತು.

ಮದುವೆಯಾದ ಹೊಸತರಲ್ಲಿ ಅವಳು ಅವನಿಂದ ಒಂದೇ ಒಂದು ಮಾತು ತೆಗೆದುಕೊಂಡಿದ್ದಳು: ಊರವರನ್ನೆಲ್ಲ ಅಣಕಿಸ್ರಿ, ನಮ್ಮಪ್ಪನನ್ನೂ ಬೇಕಾದರೆ ಅಣಕಿಸ್ರಿ, ಮಂದಿಯ ಮುಂದೆ ನನ್ನ ಮಾತ್ರ ಬೇಡ. ಹ್ಯಾರೋದ ಪಾರ್ಟಿಗಳಲ್ಲಿ ಅವಳ ಧಾರವಾಡ ತಾನಾಗಿಯೇ ಸವೆದು ಬೆಂಗಳೂರಾಗುತ್ತಿತ್ತು. 'ಅದ' ಹೋಗಿ 'ಇದೆ' ಬರುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆಯೇ 'ಅದ' ಮರಳುತ್ತಿತ್ತು. ಮನೆಯೊಳಗಿನ ಆ ದನಿಯನ್ನೇ ಅವನು ಕುಕ್ಕರ್ ತಂದವನಿಗೆ ಬಡಿಸಿದ್ದ. ಮೈಸೂರಿನವನಾದ ತನಗೆ ಆ ದನಿ ಎಷ್ಟು ಚೆನ್ನಾಗಿ ಬರುತ್ತದೆ ಎಂಬ ಜಂಬ ಈಗಲೂ, ಈ ನಡುಕದಲ್ಲೂ, ಒಳಗೆಲ್ಲೋ ಬೆಚ್ಚಗೆ ಕೂತಿತ್ತು. ಅದು ಇನ್ನೂ ನಾಚಿಕೆ.

"ಕಾರು ನಿಲ್ಸೋಕೆ ಅಲ್ಲೊಂದು ಜಾಗ ಇದೆ ನೋಡಿ ರೀ," ಎಂದಳು ಶೋಭಾ. ಜಾಗ ಇರಲಿಲ್ಲ, ಒಂದು ಪುಟ್ಟ ಕಾರು ದೊಡ್ಡ ವ್ಯಾನಿನ ಹಿಂದೆ ಅಡಗಿತ್ತು. ಜೂನ್ ತಿಂಗಳು, ಮಾವಿನಹಣ್ಣಿನ ಪೆಟ್ಟಿಗೆಗಳು ಫುಟ್‌ಪಾತಿನ ಮೇಲೆ ಎದೆಮಟ್ಟ ಪೇರಿಸಿಕೊಂಡಿದ್ದವು, ಅವುಗಳ ವಾಸನೆ ಮುಚ್ಚಿದ ಕಿಟಕಿಯನ್ನೂ ತಳ್ಳಿಕೊಂಡು ಒಳಗೆ ಬರುತ್ತಿತ್ತು. ಚಂದ್ರಶೇಖರ ಬೆಂಗಳೂರಿನಲ್ಲಿ ಕಲಿತ ಎಲ್ಲ ತಾಳ್ಮೆಯನ್ನೂ ಸ್ಟಿಯರಿಂಗಿನ ಮೇಲೆ ಬೆರಳಿಂದ ಬಡಿಯುತ್ತಿದ್ದ. ಅವನಿಗೆ ಹೇಳಲೇ? ನೀನು ನಕ್ಕ ನಗು ಈಗ ಕೆನಡಾದಲ್ಲಿ ಕೇಳಿಸುತ್ತಿದೆ ಎಂದು? ಹೇಳಿದರೆ ಶೋಭಾಗೆ ಕೇಳಿಸುತ್ತದೆ, ಶೋಭಾಗೆ ಕೇಳಿಸಿದರೆ ಹ್ಯಾರೋಗೆ ಕೇಳಿಸುತ್ತದೆ. ಮುಕುಂದ ಮತ್ತೆ ಮೊಬೈಲ್ ನೋಡಿದ. ಇಸ್ತ್ರಿ ಸುಟ್ಟ ತಕ್ಷಣ ಕಳಿಸಿದ 'ಏಳನೆಯದನ್ನು ಕೇಳಬೇಡ' ಎಂಬ ಸಂದೇಶದ ಪಕ್ಕ ಒಂದೇ ಒಂದು ಟಿಕ್ ಅನಾಥವಾಗಿ ನಿಂತಿತ್ತು. ಈಗ ಇನ್ನೊಂದು ಭಯ: ಅವಳು ಅಕಸ್ಮಾತ್ ನಿದ್ದೆಗಣ್ಣಲ್ಲಿ ಏಳನೆಯದನ್ನು ಹಾರಿಸಿಬಿಟ್ಟಿದ್ದರೆ? ಆಗ ಈ ಸಂದೇಶವೇ ಹೋಗಿ ಅವಳ ಕೈಹಿಡಿದು ಏಳನೆಯದರ ಮುಂದೆ ಕೂರಿಸುತ್ತದೆ. ಅಳಿಸಿದ. ಅಳಿಸಿದರೆ 'ಅಳಿಸಲಾಗಿದೆ' ಎಂದು ಕಾಣುತ್ತದಲ್ಲ ಎಂದು ಹೊಳೆದು, ಅದರ ಕೆಳಗೆ 'ತಪ್ಪಿ ಬಂತು, ರಸ್ತೆ ನೋಡಿಕೊಂಡು ಹೋಗು' ಎಂದು ಬರೆದ. ಕಾಡಿನಲ್ಲಿ ಸಿಗ್ನಲಿಲ್ಲದವಳಿಗೆ ರಸ್ತೆ ನೋಡಿಕೊಂಡು ಹೋಗು ಎಂಬ ಉಪದೇಶ. ಯಾರು? ಮೂರು ಸಲ ಡ್ರೈವಿಂಗ್ ಟೆಸ್ಟಿನಲ್ಲಿ ಡುಮ್ಕಿ ಹೊಡೆದವನು.

ಮೂರನೆಯ ಸಲದ್ದು ನೆನಪಾಗಿ ಅವನ ಕಿವಿ ಬಿಸಿಯಾಯಿತು. ಪರೀಕ್ಷಕ ವೇಲ್ಸಿನ ಕಡೆಯ ಮುದುಕ, ಮಾತೆಲ್ಲ ಏರಿಳಿಯುವ ಜೋಕಾಲಿ. ಮಿನಿ ರೌಂಡಬೌಟಿನ ಹತ್ತಿರ ಆತ ಏನೋ ಕೇಳಿದ. ಭಯದಲ್ಲಿದ್ದ ಮುಕುಂದನ ಬಾಯಿಂದ ಉತ್ತರ ಅದೇ ಜೋಕಾಲಿಯ ಮೇಲೆ ಕೂತು ಹೊರಗೆ ಬಂತು. ಬೇಕೆಂದು ಮಾಡಿದ್ದಲ್ಲ. ಹೆದರಿದಾಗ ಅವನ ಗಂಟಲಿಗೆ ಸಿಕ್ಕಿದವರ ದನಿ ಅಂಟಿಕೊಳ್ಳುತ್ತಿತ್ತು, ಹಸಿ ಬಣ್ಣದ ಬೆಂಚಿನ ಮೇಲೆ ಕೂತವನ ಪ್ಯಾಂಟಿಗೆ ಅಂಟಿಕೊಳ್ಳುವ ಹಾಗೆ. ಮುದುಕ ಒಂದು ಗಳಿಗೆ ಅವನ ಮುಖ ನೋಡಿ, "ಆರ್ ಯು ಬೀಯಿಂಗ್ ಫನ್ನಿ, ಸರ್?" ಎಂದ. ಇಲ್ಲ ಎಂದು ಹೇಳಹೊರಟರೆ ಆ 'ನೋ' ಕೂಡ ವೇಲ್ಸಿನದೇ. ಆಗ ಮನೆಗೆ ಬಂದು ಸೋಫಾದ ಮೇಲೆ ಬಿದ್ದುಕೊಂಡವನಿಗೆ ಶ್ರೀಲತಾ ಏನೂ ಅನ್ನದೆ ಒಂದು ತಟ್ಟೆ ಅವಲಕ್ಕಿ ತಂದಿಟ್ಟು, "ನಾ ಅದೀನಲ್ಲ, ನಾ ಹೊಡೀತೀನಿ," ಎಂದಿದ್ದಳು. ಅಂದಿನಿಂದ ಅವಳು ಹೊಡೆಯುತ್ತ, ಅವನು ಪಕ್ಕದಲ್ಲಿ ಕೂತು ಮಾತಾಡುತ್ತ ಬಂದರು. ಅವಳು ರಿವರ್ಸ್ ತೆಗೆಯುವಾಗ ಮಾತ್ರ ಅವನು ಕ್ರಿಕೆಟ್ ಕಾಮೆಂಟರಿ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ನಗುತ್ತಿದ್ದಳೇ? ಈಗ ನೆನಪಿಸಿಕೊಂಡರೆ ಕಾಣುವುದು ಹಿಂದಕ್ಕೆ ತಿರುಗಿದ ಕತ್ತು, ಬಿಗಿದ ಕಿವಿಯೋಲೆ. ಮುಖ ಕಾಣುತ್ತಿಲ್ಲ. ಮುಖವಿದ್ದ ಕಡೆ ರಸ್ತೆ ಬರುತ್ತಿದೆ, ಜಲ್ಲಿಯ ಅಂಚಿನ ರಸ್ತೆ, ಅದರ ಮೇಲೆ ಬಾಡಿಗೆಯ ಬಿಳಿ ಕಾರು, ಕಾರಿನೊಳಗೆ ಕುದುರೆಯಂತೆ ನಗುವ ಚಂದ್ರಶೇಖರ. ಕಣ್ಣಲ್ಲಿ ನೀರು ಬಂದು ದಾರಿ ಮಸುಕಾದರೆ? ಆ ಕಾಡಿನಲ್ಲಿ ಒಂದು ಮರಕ್ಕೆ ಗುದ್ದಿದರೆ ಎರಡನೆಯ ಮರಕ್ಕೆ ಮಾತ್ರ ಗೊತ್ತಾಗುತ್ತದೆ.

"ಏನಯ್ಯಾ, ಬೆವರ್ತಿದ್ದೀಯ?" ಎಂದ ಚಂದ್ರಶೇಖರ. "ಎಸಿ ಹಾಕ್ಲಾ?"

"ಬೇಡ."

"ಐದು ತಾಸು ಆಗಿರಬೇಕಲ್ಲ," ಎಂದಳು ಶೋಭಾ. "ಶ್ರೀಲತಾ ಇಷ್ಟು ಹೊತ್ತಿಗೆ ಬರಬೇಕಿತ್ತು."

"ಇನ್ನೂ ಸ್ವಲ್ಪ ಇದೆ," ಎಂದ. ಸ್ವಲ್ಪ ಇರಲಿಲ್ಲ, ದಾಟಿ ಹೋಗಿತ್ತು. ಬಸ್ಸು ಒಂದು ಮಾರು ಹೋಯಿತು. ಅವರೂ ಹೋದರು. ಅವಳು ಕಾಡಿನಲ್ಲಿ ಮುಂದೆ ಹೋಗದಿದ್ದ ಪಕ್ಷಕ್ಕೆ ತಾನೂ ಇಲ್ಲಿ ಮುಂದೆ ಹೋಗಬಾರದು ಎಂಬಂತೆ ಅವನು ಪಾದವನ್ನು ಮ್ಯಾಟಿನ ಮೇಲೆ ಒತ್ತಿದ, ಅಲ್ಲಿ ಬ್ರೇಕಿರಲಿಲ್ಲ.

ಆಗ ಕಾರಿನ ತುಂಬ ಫೋನಿನ ಗಂಟೆ ಮೊಳಗಿತು. ಹಾಡು ಹಾಕುವ ಜವಾಬ್ದಾರಿ ಯಾವಾಗಲೂ ಮುಕುಂದನದಾದ್ದರಿಂದ ಅವನ ಮೊಬೈಲು ಚಂದ್ರಶೇಖರನ ಕಾರಿಗೆ ಎಂದೋ ಗಂಟು ಬಿದ್ದಿತ್ತು. ಡ್ಯಾಶ್‌ಬೋರ್ಡಿನ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಶ್ರೀ ಎಂದು ಮೂಡಿತು. ಮುಕುಂದ ಕೈ ಚಾಚುವಷ್ಟರಲ್ಲಿ ಚಂದ್ರಶೇಖರ, ಉಪಕಾರಿ, ಸ್ಟಿಯರಿಂಗಿನ ಮೇಲಿನ ಗುಂಡಿ ಒತ್ತಿಬಿಟ್ಟ.

"ಬಂದು ಮುಟ್ಟಿದೆ ರೀ," ಎಂದಿತು ಕಾರಿನ ನಾಲ್ಕೂ ಮೂಲೆ.

ಮುಕುಂದನಿಗೆ ಮೊದಲು ಅನ್ನಿಸಿದ್ದು ಇಷ್ಟೇ: ಇದ್ದಾಳೆ. ಎರಡನೆಯ ಯೋಚನೆ ಬರಲು ಅರೆಗಳಿಗೆ ಹಿಡಿಯಿತು. "ಶ್ರೀ, ನಾವು ಕಾರಲ್ಲಿದ್ದೀವಿ, ಆಮೇಲೆ ಮಾಡ್ಲಾ?"

"ಇಲ್ರೀ, ಈಗ ಕೇಳ್ರಿ. ತಡ ಯಾಕಾತು ಅಂದ್ರ, ರಸ್ತೆ ನಡುವ ಒಂದು ಮೂಸ್ ನಿಂತಿತ್ತು. ತಾಯಿ, ಮರಿ ಎರಡೂ. ಅದರ ಮುಂದ ನಮ್ಮ ಕಡವೆ ಆಡಿನ ಮರಿ ಬಿಡ್ರಿ. ಸರೀಲೇ ಇಲ್ಲ. ಇಂಜಿನ್ ಆಫ್ ಮಾಡಿ ಕಿಟಕಿ ಇಳಿಸಿ ಕೂತೆ. ಉದಯಶಂಕರ್ ಅವರ ಭಾಷಣ ನಡದಿತ್ತು. ಅವು ಪೂರ್ತಿ ಕೇಳಿದ್ವು. ನಮ್ಮ ಕೂಟದಾಗ ಯಾರೂ ಅಷ್ಟು ಶಾಂತ ಕೇಳಿಲ್ಲ." ಶೋಭಾ ನಕ್ಕಳು. "ಅಯ್ಯ, ಶೋಭಾನೂ ಅದಾರೇನು? ಛಲೋ ಆತು. ಚಂದ್ರಶೇಖರ್?"

"ಇದ್ದೀನಿ ಶ್ರೀಲತಾ ಅವ್ರೇ. ಹೇಗಿದೆ ಕಾಡು?"

"ಭಾಳ ಛಂದ ಅದ. ನಿಮ್ಮ ನಗೀನೂ ಭಾಳ ಛಂದ ಕೇಳಿಸ್ತು. ಮೂಸಿನ ಮರಿ ಅದಕ್ಕ ಹೆದರಿ ಓಡಿತು, ಅದರ ಹಿಂದ ತಾಯೀನೂ ಹೋತು. ದಾರಿ ಬಿಡಿಸಿದ್ದ ನೀವು."

ಚಂದ್ರಶೇಖರ ಏನೂ ತಿಳಿಯದೆ ಮುಕುಂದನತ್ತ ನೋಡಿದ. ಮುಕುಂದನ ಮುಖ ನೋಡಿ ಎಲ್ಲ ತಿಳಿದು, ಮುಂದಿನ ಬಸ್ಸಿನ ಬೆನ್ನಿನ ಮೇಲಿದ್ದ ಜಾಹೀರಾತನ್ನು ಆಸಕ್ತಿಯಿಂದ ಓದತೊಡಗಿದ.

"ಯಾವ ನಗು? ಏನ್ರೀ ಅದು?" ಎಂದು ಶೋಭಾ ಎರಡು ಸೀಟಿನ ನಡುವೆ ತಲೆ ತೂರಿಸಿದಳು.

"ಇವ್ರು ನನ್ನ ಅಳು ಮಾಡಿ ತೋರಿಸ್ಯಾರ್ರೀ ಶೋಭಾ, ನಿಮ್ಮೆಜಮಾನ್ರಿಗೆ. ರೆಕಾರ್ಡಿಂಗ್ ಬಂದ್ ಮಾಡೋದು ಮರತು. ಕರಡಿ ಬಂದು ಬಾಗ್ಲಾ ಬಡದಂಗ, ನಾ ಕೊತ್ತಂಬರಿಗೆ ಅತ್ತಂಗ." ಶ್ರೀಲತಾ ಮೊದಲ ಬಾರಿಗೆ ಹ್ಯಾರೋದವರ ಮುಂದೆ ಬೆಂಗಳೂರಿಗೆ ಇಳಿಯದೆ ಧಾರವಾಡದಲ್ಲೇ ಮಾತಾಡುತ್ತಿದ್ದಾಳೆ ಎಂಬುದು ಮುಕುಂದನಿಗೆ ಆಗ ಗಮನಕ್ಕೆ ಬಂತು. "ಮೂರು ಸಲ ಕೇಳಿದೆ. ಮೊದಲನೇ ಸಲ ಸಿಟ್ಟು ಬಂತು. ಎರಡನೇ ಸಲ ಕರಡಿ ಬಿಪಿ ಕೇಳಿ ನಗಿ ಬಂತು, ಅದಕ್ಕ ಮತ್ತಷ್ಟು ಸಿಟ್ಟು ಬಂತು. ಮೂರನೇ ಸಲ ತಪ್ಪು ಹುಡುಕಿದೆ. ರೀ, ಮಾತು ಎಲ್ಲಾ ಬರೋಬರಿ ಅದ. ಅಳು ಮಾತ್ರ ನಂದಲ್ಲ. ನಾ ಅಳೋವಾಗ ಮಾತಾಡಂಗಿಲ್ಲ. ಸದ್ದ ಮಾಡಂಗಿಲ್ಲ. ಇಷ್ಟು ವರ್ಷ ಜೋಡಿ ಇದ್ದು ಇದೊಂದು ನೋಡಿಲ್ಲ ನೀವು."

ಮುಕುಂದನ ಗಂಟಲಿಗೆ ನಾಲ್ಕು ಜನ ಒಟ್ಟಿಗೆ ಬಂದು ನಿಂತರು. ರತ್ನವ್ವ, ಅಧ್ಯಕ್ಷರು, ಅನೌನ್ಸರಮ್ಮ, ವೇಲ್ಸಿನ ಮುದುಕ. ಯಾರನ್ನು ಕಳಿಸಿದರೂ ಈ ಗಳಿಗೆಯನ್ನು ನಗುವಿನಲ್ಲಿ ದಾಟಿಸಿಬಿಡುತ್ತಿದ್ದರು. ಅವನು ಯಾರನ್ನೂ ಬಿಡಲಿಲ್ಲ. ಅವಳು ಅತ್ತದ್ದನ್ನು ತಾನು ಕೇಳಿಯೇ ಇಲ್ಲ ಎಂದರೆ ಅತ್ತಿಲ್ಲವೆಂದಲ್ಲ. ಬಿಗಿದ ಕಿವಿಯೋಲೆ, ಬಚ್ಚಲಿನಲ್ಲಿ ಹೆಚ್ಚು ಹೊತ್ತು ಸುರಿದ ನಲ್ಲಿ, ಮಾಳವಿಕಾಳನ್ನು ರೈಲು ಹತ್ತಿಸಿ ಬಂದ ದಿನ ಏನೂ ಮಾತಾಡದೆ ಮಡಚಿಟ್ಟ ಒಂದು ರಾಶಿ ಬಟ್ಟೆ.

"ಉಳಿದ ದಾರಿ ತುಂಬ ನನಗೇನು ಬ್ಯಾರೆ ಕೆಲಸ ಇರ್ಲಿಲ್ಲ," ಎಂದಳು ಶ್ರೀಲತಾ. "ನಾನೂ ಒಂದು ಕಲ್ತೀನಿ. ಶೋಭಾ, ಕೇಳ್ರಿ."

ಸ್ಪೀಕರಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಸ್ವಲ್ಪ ಕೆಳಗಿಳಿದ, ಮೈಸೂರಿನ ಬೆಣ್ಣೆ ಹಚ್ಚಿದ, ಯಾರಿಗೋ ದೊಡ್ಡ ದಾನ ಮಾಡುತ್ತಿರುವಂಥ ದನಿ: "ನಿನ್ನಿಷ್ಟ ಶ್ರೀ... ನಾನಂತೂ... ಪೂರ್ತಿ ಸಪೋರ್ಟು." ಶೋಭಾ ಥಟ್ಟನೆ ಮುಂದಿನ ಸೀಟಿನತ್ತ ತಿರುಗಿದಳು, ಅವನೇ ಮಾತಾಡಿದನೇನೋ ಎಂಬಂತೆ. ಚಂದ್ರಶೇಖರ ನಗಬಾರದೆಂದು ತುಟಿ ಕಚ್ಚಿಕೊಂಡು ಹಾರ್ನಿನ ಮೇಲೆ ಬಿದ್ದ. ಮುಂದಿನ ಬಸ್ಸಿನವನು ಕಿಟಕಿಯಿಂದ ಕೈ ಹೊರಹಾಕಿ ಏನೋ ಸನ್ನೆ ಮಾಡಿದ. ಮುಕುಂದನಿಗೆ ಆ ದನಿಯನ್ನು ಯಾರೂ ಪರಿಚಯಿಸಬೇಕಾಗಿರಲಿಲ್ಲ. ಎಷ್ಟು ನಯ, ಎಷ್ಟು ಖಾಲಿ. ಬೀಗ ಹಾಕಿದ ಮನೆಯ ಮುಂದೆ ಹಾಕಿದ ರಂಗೋಲಿ. ಆದರೂ, ತಡೆಯಲಾಗದೆ, ಅವನೊಳಗಿನ ಕಲಾವಿದ ಎದ್ದು ನಿಂತು, ಅಬ್ಬ, ಏನು ಹಿಡಿದಿದ್ದಾಳೆ, ಎಂದ.

"ಸೋಮವಾರ ಹೇಳಬೇಕು ನಾ ಅವರಿಗೆ," ಎಂದಳು. "ಏನ್ ಹೇಳ್ಲಿ? ನೀವು ಹೇಳ್ರಿ. ಆ ದನಿ ಬ್ಯಾಡ, ಅದು ಈಗ ನನಗ ಬರ್ತದ."

ಹೊರಗೆ ಮಾವಿನಹಣ್ಣಿನವನು ಪಂಜಾಬಿಯಲ್ಲಿ ಯಾರನ್ನೋ ಕರೆಯುತ್ತಿದ್ದ. "ಬೇಡ," ಎಂದ ಮುಕುಂದ. ದನಿ ಸ್ವಲ್ಪ ಒಡೆದು, ಹುಡುಗನದೋ ಮುದುಕನದೋ ಎಂಬಂತೆ ಬಂತು. "ಒಂದು ವರ್ಷ ಬೇಡ. ನೀನು ಅತ್ಕೊಂಡು ವಾಪಸ್ ಬರ್ತೀಯ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ ಶ್ರೀ. ನಗ್ತಾ ಅಲ್ಲೇ ಇದ್ದುಬಿಡ್ತೀಯ ಅಂತ ಭಯ. ಅದಕ್ಕೇ ಹಾಗೆ ಆಡಿದ್ದು."

ಅತ್ತ ಕಡೆ ಸದ್ದಿಲ್ಲ. ಪರದೆಯ ಮೇಲೆ ಕರೆಯ ಸೆಕೆಂಡುಗಳು ಓಡುತ್ತಲೇ ಇದ್ದವು. ಸಿಗ್ನಲ್ ಹೋಯ್ತೇನೋ ಎಂದು ಚಂದ್ರಶೇಖರ ಬೆರಳು ಮುಂದೆ ತಂದಾಗ ಮುಕುಂದ ಅದನ್ನು ಹಿಡಿದುಕೊಂಡ. ಹೋಗಿರಲಿಲ್ಲ. ದೂರದಲ್ಲೊಂದು ಲಾರಿ ಹಾದುಹೋಗುವುದು ಕೇಳಿಸಿತು, ಕಾಡಿನ ಗಾಳಿ ಕೇಳಿಸಿತು, ಅದರ ನಡುವೆ ಅವಳು ಸದ್ದು ಮಾಡದೆ ಇರುವುದು ಕೇಳಿಸಿತು.

"ಹೂಂ," ಎಂದಳು ಬಹಳ ಹೊತ್ತಾದ ಮೇಲೆ, ಮೂಗು ಒರೆಸಿಕೊಂಡ ದನಿಯಲ್ಲಿ. "ಈಗ ನಂದು ಕೇಳ್ರಿ. ನಾ ಹೂಂ ಅಂತ ಹೇಳ್ತೀನಿ ಅವರಿಗೆ."

"ಈಗ ತಾನೇ ಬೇಡ ಅಂದೆನಲ್ಲ."

"ಕೇಳಿಸ್ತು. ಅದನ್ನ ಕೇಳಿಸ್ಕೊಂಡೇ ಹೂಂ ಅನ್ನೋದು ಛಲೋ ಅನಸ್ತದ. ನೀವು ಇಲ್ಲಿ ಬರ್ರಿ. ನಿಮ್ಮ ಡೇಟಾಬೇಸ್ ಎಲ್ಲಿಂದ ಬೇಕಾದ್ರೂ ಕಾಯಬಹುದು."

"ಎಂಟು ತಾಸಿನ ವ್ಯತ್ಯಾಸ. ನಾನೇನು ಗೂಬೆನಾ?"

"ಆ ದನಿ ನಿಮಗ ಬರಂಗಿಲ್ಲೇನು?"

"ನಂಗೆ ಸಿಟ್ಟು ಬಂದಿದೆ ಶ್ರೀ."

"ಬರ್ಲಿ ಬಿಡ್ರಿ. ನಿಮ್ಮ ಸಿಟ್ಟು ನೋಡಿ ಎಷ್ಟು ವರ್ಷ ಆತು. ಅದನ್ನೂ ತಗೊಂಡು ಬರ್ರಿ, ಇಲ್ಲಿ ಜಾಗ ಭಾಳ ಅದ."

"ನೀನು ನನ್ನ ಕೇಳದೇ ನಿರ್ಧಾರ ಮಾಡಿದ್ದೀಯ."

"ಕೇಳಿದೆ. ನೀವು ಸಪೋರ್ಟು ಅಂದ್ರಿ."

"ಅದು ಮಾತಿಗೆ ಅಂದಿದ್ದು."

"ಮತ್ತ, ಮಾತಿಗೆ ಅಂದಿದ್ದಕ್ಕ ಮಾತಿನಂಗ ನಡೀರಿ."

ಮುಕುಂದ ಸೀಟ್‌ಬೆಲ್ಟ್ ಸಡಿಲಿಸಿಕೊಂಡು, ಪರದೆಯ ಮೇಲಿನ ಅವಳ ಹೆಸರಿಗೆ ಎದುರಾಗಿ ಪೂರ್ತಿ ತಿರುಗಿ ಕೂತ. ಚಳಿಗಾಲದಲ್ಲಿ ಅಲ್ಲಿ ಬಿಸಿಲೇ ಇರಲ್ಲವಂತೆ ಎಂದ. ಹ್ಯಾರೋದಾಗ ಯಾವ ಬಿಸಿಲು ಸುರೀತದ ಎಂದಳು. ಮನೆಗೆ ಯಾರು ನೀರು ಹಾಕ್ತಾರೆ ಎಂದ ತೊದಲಿ. ಗಿಡಕ್ಕೆ ಎಂದು ತಿದ್ದಿದ. ಅವಳು ನಕ್ಕಳು, ಅವನಿಗೆ ಇನ್ನೂ ಸಿಟ್ಟು ಬಂತು, ಎಂದೂ ಇಲ್ಲದಷ್ಟು ಹಗುರವಾದ ಸಿಟ್ಟು. ಅದನ್ನು ಸರಿಯಾಗಿ ಉಪಯೋಗಿಸಲು ಇನ್ನೂ ಎಷ್ಟೋ ಹೊತ್ತು ಬೇಕು ಅನ್ನಿಸಿತು. ಅಷ್ಟರಲ್ಲಿ ಬೇಕರಿಯ ಮುಂದೆ ನಿಂತಿದ್ದ ಕಾರೊಂದು ಸಿಗ್ನಲ್ ಹಾಕಿಕೊಂಡು ಹೊರಟಿತು. ಒಂದು ಗಂಟೆಯಿಂದ ಹುಡುಕಿದ್ದ ಜಾಗ ಅಗಲವಾಗಿ, ಖಾಲಿಯಾಗಿ, ಅಂಗೈಯಂತೆ ತೆರೆದುಕೊಂಡಿತು. ಚಂದ್ರಶೇಖರ ಇಂಡಿಕೇಟರಿಗೆ ಕೈ ಹಾಕಿದ.

"ಬೇಡ," ಎಂದು ಶೋಭಾ ಅವನ ಕಿವಿಯಲ್ಲಿ ಮೆಲ್ಲಗೆ ಹೇಳಿದಳು. "ಇನ್ನೊಂದು ಸುತ್ತು ಹೋಗಿ ರೀ."